ಶೇಂಗಾ ಮಿಲ್ಲಿನ ತೂತುಬಿಲ್ಲೆಗಳು

ಹೋದ ವರ್ಷ ಕೊಟ್ಟೂರಿನ ಬಸ್ ಸ್ಟ್ಯಾಂಡಿನ ಎದುರಿನ ಅಂಗಡಿಯಲ್ಲಿ ಬಿಸ್ಕೆಟ್ ಪೊಟ್ಟಣ ಕೊಂಡು ಹತ್ತು ರೂಪಾಯಿ ನಾಣ್ಯ ಚಾಚಿದೆ. ಅಂಗಡಿಯವನು ಕೈ ಮುಂದೆ ಮಾಡಲೇ ಇಲ್ಲ. "ಇದು ನಡಿಯಂಗಿಲ್ರಿ ಅಕ್ಕಾರ, ನೋಟು ಕೊಡ್ರಿ" ಅಂದ. ಸರ್ಕಾರದ ದುಡ್ಡು ಯಾಕೆ ನಡೆಯುವುದಿಲ್ಲ ಎಂದು ದಬಾಯಿಸಿದೆ. "ನನಗೇನ್ ಗೊತ್ರಿ, ಯಾರೂ ತಗಳಂಗಿಲ್ಲ, ಅದಕ್ಕ ನಾನೂ ತಗಳಂಗಿಲ್ಲ" ಅಂದು ಬೇರೆ ಗಿರಾಕಿಯ ಕಡೆ ತಿರುಗಿದ. ಪೊಟ್ಟಣವನ್ನು ಅಲ್ಲೇ ಬಿಟ್ಟು ಬಂದು ಬಸ್ಸಿಗೆ ಕಾಯುತ್ತ ಕೂತೆ. ಸ್ವಲ್ಪ ಹೊತ್ತಿಗೆ ಮುಖ ಒರೆಸಿಕೊಳ್ಳಲು ಕೈ ಎತ್ತಿದಾಗ ಬೆವರಿದ ಅಂಗೈಯಿಂದ ಹಿತ್ತಾಳೆ ವಾಸನೆ ಬಂತು.

ಆ ವಾಸನೆಯ ಜೊತೆಗೆ ತೊಂಬತ್ತೆಂಟನೇ ಇಸವಿಯ ಮಳೆಗಾಲ ಎದ್ದು ಬಂತು, ಅದರ ಬೆನ್ನಿಗೇ ನನ್ನ ಸಿಟ್ಟೂ ಬಂತು. ಇಷ್ಟು ವರ್ಷವಾದರೂ ಆ ಸಿಟ್ಟು ಆರಿಲ್ಲ. ಆರಲಿ ಎಂದು ನಾನು ಬಯಸಿಯೂ ಇಲ್ಲ. ಹಳೆಯದನ್ನೆಲ್ಲ ಮರೆತು ಮುಂದೆ ಹೋಗಬೇಕು ಎಂದು ಉಪದೇಶ ಮಾಡುವವರು ನನಗೆ ಬೇಕಾದಷ್ಟು ಜನ ಸಿಕ್ಕಿದ್ದಾರೆ. ಅವರಿಗೆಲ್ಲ ಮರೆಯುವುದಕ್ಕೆ ಅಂಥದ್ದೇನೂ ಇರಲಿಲ್ಲ.

ಆಗ ನಾನು ಹಡಗಲಿ ತಾಲೂಕಿನ ಒಂದು ಆರೋಗ್ಯ ಉಪಕೇಂದ್ರದಲ್ಲಿ ನರ್ಸು. ಹೆಸರು ಸುಜಾತ, ಆದರೆ ಊರಿನ ಮಕ್ಕಳಿಗೆ ನಾನು ಸೂಜಿ ನರ್ಸಮ್ಮ. ನನ್ನನ್ನು ಕಂಡರೆ ಸಾಕು, ಚಡ್ಡಿ ಹಿಡಿದುಕೊಂಡು ಹಿತ್ತಿಲಿಗೆ ಓಡುತ್ತಿದ್ದವು. ವಾರದಲ್ಲಿ ಆರು ದಿನ ಹಳ್ಳಿ ಸುತ್ತುವುದು, ಭಾನುವಾರ ಎರಡು ಬಸ್ಸು ಬದಲಿಸಿ ಕೊಟ್ಟೂರಿಗೆ ಬರುವುದು. ಕೊಟ್ಟೂರಿನ ನಮ್ಮ ಕೇರಿಯಲ್ಲಿ ಅಜ್ಜಿ ಹುಲಿಗೆಮ್ಮ ಇದ್ದಳು. ತಾಯಿಯಿಲ್ಲದ ನನ್ನನ್ನು ಕೂಲಿ ಮಾಡಿ ಸಾಕಿದವಳು, ನರ್ಸಿಂಗ್ ಓದಿಸಿದವಳು ಅವಳೇ. ಎಪ್ಪತ್ತರ ಹತ್ತಿರ ಬಂದಿದ್ದರೂ ಬಾಯಿ ಗಟ್ಟಿ ಇತ್ತು, ಕಾಲೂ ಗಟ್ಟಿ ಇದ್ದವು.

ನನಗೆ ಬಿಲ್ಲೆ ಕೂಡಿಸುವ ಹುಚ್ಚು ಹಿಡಿದದ್ದು ಒಂದು ಕೂಸಿನ ಸೊಂಟದಿಂದ. ಲಸಿಕೆ ಹಾಕುವಾಗ ನೋಡಿದರೆ ಉಡಿದಾರದಲ್ಲಿ ಒಂದು ಗೆಜ್ಜೆ, ಒಂದು ಕವಡೆ, ನಡುವೆ ಕಪ್ಪಿಟ್ಟ ಹಿತ್ತಾಳೆ ಬಿಲ್ಲೆ. ಸ್ಪಿರಿಟ್ ಹತ್ತಿಯಿಂದ ಒರೆಸಿದೆ. ಒಂದು ಮಗ್ಗುಲಿಗೆ ಶೇಂಗಾಕಾಯಿಯ ಚಿತ್ರ, ಇನ್ನೊಂದು ಮಗ್ಗುಲಿಗೆ 'ಅರ್ಧಾಣೆ' ಎಂದು ಅಕ್ಷರ. ಇದೇನು ಎಂದು ಕೇಳಿದರೆ ತಾಯಿ, "ನಮ್ಮತ್ತಿ ಕಟ್ಯಾರ್ರಿ, ದಿಟ್ಟಿ ಆಗಬಾರ್ದಂತ" ಅಂದಳು. ಅದರ ಬದಲಿಗೆ ಹೊಸದೊಂದು ಬೆಳ್ಳಿ ಗೆಜ್ಜೆ ಕೊಡುತ್ತೇನೆ ಅಂದಾಗ ಕೂಸಿನ ಅಳುವಿಗಿಂತ ಬೇಗ ಬಿಚ್ಚಿ ಕೊಟ್ಟಳು.

ಎರಡನೇ ಮಹಾಯುದ್ಧದ ಕಾಲದಲ್ಲಿ ಊರಿಂದೂರಿಗೆ ಚಿಲ್ಲರೆ ಮಾಯವಾಗಿತ್ತಂತೆ. ಕೆಲವರು ತಾಮ್ರದ ಕಾಸನ್ನು ಗಡಿಗೆಯಲ್ಲಿ ತುಂಬಿ ಹೂತರು, ಕೆಲವರು ಕರಗಿಸಿ ಮಾರಿದರು. ಕೂಲಿಗೆ ಕೊಡಲು ಅರ್ಧಾಣೆ ಇಲ್ಲ, ಚಹಾ ಕುಡಿದವನಿಗೆ ತಿರುಗಿ ಕೊಡಲು ಕಾಲಾಣೆ ಇಲ್ಲ. ಹಾಗಾಗಿ ಮಿಲ್ಲಿನವರು, ಹೋಟೆಲಿನವರು, ಅಂಗಡಿ ಸಾಹುಕಾರರು ತಾವೇ ಬಿಲ್ಲೆ ಹೊಡೆಸಿ, ಚೀಟಿ ಅಚ್ಚು ಹಾಕಿಸಿ ಚಲಾವಣೆಗೆ ಬಿಟ್ಟರು. ಯಾರ ಬಿಲ್ಲೆಯೋ ಅವರ ಅಂಗಡಿಯಲ್ಲಿ ಸಾಮಾನು ತರಬಹುದು. ಯುದ್ಧ ಮುಗಿದು ಸರ್ಕಾರದ ಚಿಲ್ಲರೆ ತಿರುಗಿ ಬಂದ ಮೇಲೆ ಇವಕ್ಕೆ ಬೆಲೆ ಹೋಯಿತು.

ನನಗಂತೂ ಕಂಡಲ್ಲೆಲ್ಲ ಬಿಲ್ಲೆಯೇ ಕಾಣತೊಡಗಿತು. ಕೂಡ್ಲಿಗಿಯ ಹೋಟೆಲೊಂದರ 'ಒಂದು ಕಪ್ ಚಹಾ' ಎಂಬ ರಟ್ಟಿನ ಚೀಟಿ ಸಿಕ್ಕಿತು, ಹರಪನಹಳ್ಳಿಯ ಪಾತ್ರೆ ವ್ಯಾಪಾರಿಯ ನವಿಲಿನ ಬಿಲ್ಲೆ ಸಿಕ್ಕಿತು. ಹಗರಿಬೊಮ್ಮನಹಳ್ಳಿಗೆ ತರಬೇತಿಗೆ ಹೋದಾಗ ಸೈಕಲ್ ಅಂಗಡಿಯೊಂದರ ಸೀಸದ ತುಂಡು ಕೈಗೆ ಬಂತು. ಕಾನಹೊಸಹಳ್ಳಿ ಸಂತೆಯಲ್ಲಿ ಎಲೆ ಮಾರುವ ಮುದುಕಿ ತನ್ನ ಎಲೆಯಡಿಕೆ ಸಂಚಿಯಿಂದ ಎರಡು ತೆಗೆದುಕೊಟ್ಟಳು. ಆದರೆ ಎಲ್ಲಕ್ಕಿಂತ ಹೆಚ್ಚು ಸಿಗುತ್ತಿದ್ದದ್ದು ಕೊಟ್ಟೂರಿನ ಶೇಂಗಾ ಎಣ್ಣೆ ಮಿಲ್ಲಿನ ಆ ಬಿಲ್ಲೆಯೇ. ಆ ಮಿಲ್ಲಿನವರು ಸುತ್ತಲ ತಾಲೂಕುಗಳಲ್ಲೆಲ್ಲ ಕಣ ಮಾಡಿ ಶೇಂಗಾ ಕೊಳ್ಳುತ್ತಿದ್ದರು. ಅದರಲ್ಲಿ ಎರಡು ಜಾತಿ: ಕೆಲವು ಬೋಳು, ಕೆಲವಕ್ಕೆ ನಡುವೆ ದೊಡ್ಡ ತೂತು. ಲಸಿಕೆ ಬಾಟಲಿ ಬರುವ ಖಾನೆ ಖಾನೆಯ ಡಬ್ಬಿಯಲ್ಲಿ ಎಲ್ಲವನ್ನೂ ಇಟ್ಟೆ. ಪ್ರತಿಯೊಂದಕ್ಕೂ ಒಂದು ಚೀಟಿ ಮಾಡಿ ಊರು, ಓಣಿ, ಮನೆ ನಂಬರು ಬರೆದೆ. ಮನೆ ಮನೆ ಲೆಕ್ಕ ಬರೆಯುವ ಕೆಲಸದವಳಿಗೆ ಇದೊಂದು ಚಟ.

ಆ ಮಿಲ್ಲಿನ ಈಗಿನ ಯಜಮಾನ ರಾಜಶೇಖರಪ್ಪ. ಬಿಲ್ಲೆ ಹೊಡೆಸಿದ ದೊಡ್ಡ ಸಾಹುಕಾರನ ಮೊಮ್ಮಗ, ಐವತ್ತರ ಆಸುಪಾಸು. ಬಿಳಿ ಅಂಗಿ, ಎದೆಜೇಬಿನಲ್ಲಿ ಎರಡು ಪೆನ್ನು, ಇತಿಹಾಸದ ಹುಚ್ಚು. ಅಕ್ಕಸಾಲಿಗನೊಬ್ಬನ ಹತ್ತಿರ ನಾನು ಬಿಲ್ಲೆ ತೋರಿಸಿದ ಸುದ್ದಿ ತಿಳಿದು ಹೇಳಿಕಳಿಸಿದ. ಹೋದೆ. ಕುರ್ಚಿ ಹಾಕಿಸಿದ. ಎಲ್ಲರಿಗೂ ಬಂದ ತಟ್ಟೆಯಲ್ಲೇ, ಎಲ್ಲರಿಗೂ ಬಂದಂಥ ಕಪ್ಪಿನಲ್ಲೇ ನನಗೂ ಚಹಾ ಬಂತು. "ಬರ್ರಿ ಸಿಸ್ಟರ್, ಕುಂದ್ರಿ. ನಮ್ಮಂಥೋರು ಮಾಡಬೇಕಾದ ಕೆಲಸ ನೀವು ಮಾಡಾಕ ಹತ್ತೀರಿ" ಅಂದ. ನಾನು ಯಾವ ಕೇರಿಯವಳೆಂದು ಅವನಿಗೆ ಗೊತ್ತಿತ್ತು. ಗೊತ್ತಿದ್ದೂ ಹಾಗೆ ಮಾಡಿದನಲ್ಲ ಎಂದು ನಾನು ಉಬ್ಬಿಹೋದೆ. ಒಂದು ಕಪ್ ಚಹಾಕ್ಕೆ ಮಾರಿಹೋದೆ ಎನ್ನುವುದೇ ಸರಿ.

ಮಿಲ್ಲಿಗೆ ಅರವತ್ತು ವರ್ಷ ತುಂಬುತ್ತಿತ್ತು. ಕಾರ್ತಿಕದಲ್ಲಿ ಸಮಾರಂಭ, ಒಂದು ಸಣ್ಣ ಪುಸ್ತಕ, ಗಾಜಿನ ಪೆಟ್ಟಿಗೆಯಲ್ಲಿ ಬಿಲ್ಲೆಗಳ ಪ್ರದರ್ಶನ. ಬಿಲ್ಲೆ ನನ್ನವು, ಬರೆಯುವವನು ಅವನು. "ಕೆಲವಕ್ಕ ತೂತು ಯಾಕ ಹಾಕ್ಯಾರೋ ತಿಳಿವಲ್ದು ಸಿಸ್ಟರ್. ನೀವು ಮನಿ ಮನಿ ತಿರುಗೋರು, ನಿಮಗೇನಾರ ಗೊತ್ತೈತೇನು?" ಎಂದು ಕೇಳಿದ. ನಾನು ಕೂಸುಗಳ ಸೊಂಟ ಕಂಡವಳು. ಬಡವರು ಕಳೆದುಕೊಳ್ಳದಂತೆ ಉಡಿದಾರಕ್ಕೆ ಕಟ್ಟಿಕೊಳ್ಳಲೆಂದು ತೂತು ಹಾಕಿರಬೇಕು ಎಂದೆ. ಮುಂದಿನ ವಾರ ಅದನ್ನೇ ಚೆಂದದ ಅಕ್ಷರದಲ್ಲಿ ಎರಡು ಪುಟ ಬರೆದು ಕಳಿಸಿದೆ, ಕೆಳಗೆ ಸಹಿ ಹಾಕಿ. ಯಾರೂ ಹೊಡೆದು ಬಡಿದು ಬರೆಸಿದ್ದಲ್ಲ.

ಆಷಾಢದ ಗಾಳಿ ಕೆಂಪು ಮಣ್ಣನ್ನು ಮನೆಯೊಳಗೆಲ್ಲ ತುಂಬುತ್ತಿದ್ದ ಒಂದು ಭಾನುವಾರ ಪುಸ್ತಕದ ಕರಡು ನನ್ನ ಕೈಗೆ ಬಂತು. ಅಜ್ಜಿ ಹೊಸ್ತಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ನನ್ನ ಹೆಸರು ಅಚ್ಚಾಗಿದೆ ಎಂಬ ಜಂಬದಲ್ಲಿ ಗಟ್ಟಿಯಾಗಿ ಓದಿದೆ: 'ಬಡ ಕೂಲಿಕಾರರು ಬಿಲ್ಲೆ ಕಳೆದುಕೊಂಡು ನೊಂದಾರೆಂದು ಮರುಗಿ, ಉಡಿದಾರಕ್ಕೆ ಕಟ್ಟಿಕೊಳ್ಳಲು ಅನುಕೂಲವಾಗುವಂತೆ ತೂತು ಕೊರೆಸಿದ ಕರುಣಾಮಯಿ ನಮ್ಮ ಅಜ್ಜನವರು.'

ಮೊರ ನಿಂತಿತು. "ಇನ್ನೊಮ್ಮೆ ಓದು" ಅಂದಳು.

ಓದಿದೆ.

"ಯಾವ ಬಾಡ್ಯಾ ಹೇಳ್ಯಾನ ಇದನ್ನ?"

"ನಾನ ಹೇಳಿದ್ದು ಅಜ್ಜಿ. ಕೂಸಿನ ಉಡಿದಾರದಾಗ ನಾನ ಕಂಡೀನಿ."

ಅಜ್ಜಿ ಮೊರವನ್ನು ಕೆಳಗಿಟ್ಟಳು. ನನ್ನನ್ನು ಹೊಡೆಯುತ್ತಾಳೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು.

"ಆ ಮಿಲ್ಲಿನಾಗ ನಾನು ಶೇಂಗಾ ಹಸನು ಮಾಡೀನಿ, ಇನ್ನೂ ಮೈ ನೆರೆದಿದ್ದಿಲ್ಲ ಆಗ. ಸಂಜಿಮುಂದ ಗುಮಾಸ್ತ ಕಟ್ಟಿ ಮ್ಯಾಲೆ ಕುಂದ್ರತಿದ್ದ. ಬ್ಯಾರೆಯೋರಿಗೆ ಬೋಳು ಬಿಲ್ಲಿ, ಕೈಯಾಗ ಕೊಡೋನು. ನಮಗ ತೂತಿಂದು. ಒಂದು ಕಂಬಿ ಇಟಗಂಡಿದ್ದ, ಮೊಳದುದ್ದ, ತುದಿ ಬಾಗಿಸಿದ್ದು. ಅದರಾಗ ಸಾಲಾಗಿ ಬಿಲ್ಲಿ ಪೋಣಿಸಿರತಿದ್ವು. ಕಂಬಿ ಓರಿ ಮಾಡಿದ್ರ ಒಂದೊಂದ ನೆಲಕ್ಕ ಬೀಳೋವು, ನಾವು ಆರಿಸಿಗಳಬೇಕು. ಮಿಲ್ಲಿನ ಅಂಗಡಿಗೆ ಜ್ವಾಳ ತರಾಕ ಹೋದ್ರ ತಿರುಗಿ ನೆಲದ ಮ್ಯಾಲೆ ಇಡಬೇಕು. ಅವ ಕಂಬಿ ಚಾಚಿ ತೂತಿನಾಗ ಸಿಗಸಿ ಎತ್ತಿ, ನೀರಿನ ಗಡಿಗ್ಯಾಗ ಎದ್ದಿ ತೆಗಿಯೋನು. ನಾವು ಮುಟ್ಟಿದ್ದು ಅವನ ಕೈಗೆ ತಾಗಬಾರ್ದು, ಅದಕ್ಕ ತೂತು. ತಿಳೀತಾ?"

"ಮತ್ತ ಕೂಸಿಗೆ ಯಾಕ ಕಟ್ಟತಾರ ಅಜ್ಜಿ?"

"ಮನ್ಯಾಗ ಇದ್ದ ಹಿತ್ತಾಳಿ ಅದೊಂದ. ಬಿಸಾಕಾಕ ಮನಸು ಬರ್ಲಿಲ್ಲ, ತೂತು ಇತ್ತು, ಕಟ್ಟಿದ್ವಿ." ಮೊರವನ್ನು ಮತ್ತೆ ತೊಡೆಗೆ ಎಳೆದುಕೊಂಡು ಹೇಳಿದಳು, "ಓದಿದಾಕಿ ನೀನು. ಬರಿಯಾಕ ಮದ್ಲ ನನ್ನ ಕೇಳಬೇಕಿತ್ತು."

ಡಬ್ಬಿ ತೆಗೆದು ತೂತಿನ ಬಿಲ್ಲೆಯೊಂದನ್ನು ಕೈಯಲ್ಲಿ ಹಿಡಿದೆ. ನನ್ನ ಕಿರುಬೆರಳು ಸಲೀಸಾಗಿ ತೂರಿತು. ಉಡಿದಾರಕ್ಕೆ ಇಷ್ಟು ದೊಡ್ಡ ತೂತು ಯಾಕೆ ಬೇಕು? ಕೂಸುಗಳ ಸೊಂಟದಲ್ಲಿ ಅದು ಜಾರದಿರಲೆಂದು ಬಟ್ಟೆ ಸುತ್ತಿ ಗಂಟು ಹಾಕಿದ್ದನ್ನು ಎಷ್ಟು ಸಲ ನನ್ನ ಕೈಯಾರೆ ಬಿಚ್ಚಿದ್ದೆ. ಕಂಡಿದ್ದೆ, ಆದರೆ ಯೋಚಿಸಿರಲಿಲ್ಲ. ನನ್ನ ಅಜ್ಜಿಗೆ ಆದ ಅವಮಾನವನ್ನು ಕರುಣೆ ಎಂದು ಬರೆದುಕೊಟ್ಟವಳು ನಾನು, ಅದಕ್ಕೆ ಸಹಿ ಹಾಕಿದವಳೂ ನಾನೇ.

ಮರುದಿನ ಕೆಲಸಕ್ಕೆ ರಜೆ ಹಾಕಿ ಮಿಲ್ಲಿಗೆ ಹೋದೆ. ರಾಜಶೇಖರಪ್ಪ ಪೂರ್ತಿ ಕೇಳಿದ, ಒಂದು ಸಲವೂ ಮುಖ ಗಂಟಿಕ್ಕಲಿಲ್ಲ. ಆಮೇಲೆ ಕಪಾಟು ತೆಗೆದು ನನ್ನ ಪತ್ರವನ್ನು ಮೇಜಿನ ಮೇಲಿಟ್ಟ.

"ಇದು ನಿಮ್ಮ ಅಕ್ಷರ ಅಲ್ಲೇನ್ರಿ ಸಿಸ್ಟರ್?"

"ನಂದ. ತಪ್ಪು ಬರದೀನಿ. ತೆಗದು ಹಾಕ್ರಿ."

"ಅಜ್ಜಿಗೆ ವಯಸ್ಸಾಗೈತ್ರಿ, ಏನೋ ಅಂತಾರ. ಇತಿಹಾಸ ಅಂದ ಮ್ಯಾಲೆ ಪುರಾವಿ ಬೇಕಲ್ರಿ? ಒಬ್ಬ ಮುದುಕಿ ಮಾತು ಕೇಳಿ ನಮ್ಮಜ್ಜಗ ಮಸಿ ಬಳಿಯಾಕ ಬರತೈತೇನು? ನೀವು ಪುರಾವಿ ತರ್ರಿ, ನಾನ ನನ್ನ ಕೈಯಾರೆ ತಿದ್ದತೀನಿ." ನಕ್ಕ. "ಚಾ ತಗಳ್ರಿ, ಆರತೈತಿ."

ಚಹಾ ಮುಟ್ಟದೆ ಎದ್ದು ಬಂದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಅರ್ಧಾಣೆಗೆ ಹೋದ ಮಾನವನ್ನು ನಾನು ವಸೂಲು ಮಾಡಿಯೇ ತೀರುತ್ತೇನೆ ಎಂದು ಮಿಲ್ಲಿನ ಗೇಟು ದಾಟುವಾಗಲೇ ನಿಶ್ಚಯಿಸಿದೆ. ಸೇಡು ಎನ್ನುವ ಮಾತು ನನ್ನ ಮನಸ್ಸಿಗೆ ಬಂದದ್ದು ಅಲ್ಲಿಯೇ, ಅದರ ಬಗ್ಗೆ ನನಗೆ ನಾಚಿಕೆಯಿಲ್ಲ.

ಆ ವರ್ಷ ಶ್ರಾವಣದಿಂದ ಮಳೆ ಹಿಡಿಯಿತು. ಎರೆಹೊಲದ ಹಾದಿಯಲ್ಲಿ ಚಪ್ಪಲಿ ಕೈಯಲ್ಲಿ ಹಿಡಿದು, ಲಸಿಕೆಯ ಪೆಟ್ಟಿಗೆ ತಲೆಯ ಮೇಲಿಟ್ಟು ನಡೆದೆ. ಹಳ್ಳ ಬಂದರೆ ಈಚೆ ದಡದಲ್ಲಿ ಕೂತು ಕಾದೆ. ಪೋಲಿಯೊ ಹನಿ ಹಾಕಲು ಬೇರೆ ತಾಲೂಕಿಗೆ ಯಾರನ್ನು ಕಳಿಸಬೇಕು ಎಂದರೆ ನಾನೇ ಮೊದಲು ಕೈ ಎತ್ತುತ್ತಿದ್ದೆ. ನರ್ಸಿಗೆ ಎಲ್ಲ ಓಣಿಯ ಬಾಗಿಲೂ ತೆರೆಯುತ್ತದೆ, ಅದೊಂದು ಅನುಕೂಲ. ಸಾಹುಕಾರರ ಓಣಿಯಲ್ಲಿ ಕೇಳಿದೆ, ರೈತರ ಓಣಿಯಲ್ಲಿ ಕೇಳಿದೆ, ಕಂಬಾರ ಕುಂಬಾರರ ಮನೆಗಳಲ್ಲಿ ಕೇಳಿದೆ, ನಮ್ಮವರ ಕೇರಿಗಳಲ್ಲಿ ಕೇಳಿದೆ. ಗೆಜ್ಜೆ ಕೊಂಡು ಕೊಂಡು ಸಂಬಳ ಅರ್ಧಕ್ಕೆ ಬಂತು. ಹಿಂಗಾರಿಯ ಹೊತ್ತಿಗೆ ನಲವತ್ತಕ್ಕೂ ಮಿಕ್ಕಿ ತೂತುಬಿಲ್ಲೆ ಕೂಡಿದವು. ಒಂದೊಂದರ ಚೀಟಿಯನ್ನೂ ಹರಡಿ ನೋಡಿದೆ. ಬೋಳು ಬಿಲ್ಲೆ ಊರೊಳಗಿನ ಯಾವ ಓಣಿಯಲ್ಲಾದರೂ ಸಿಕ್ಕಿತ್ತು. ತೂತಿನ ಬಿಲ್ಲೆ ಕೇರಿ ಬಿಟ್ಟು ಬೇರೆಲ್ಲೂ ಒಂದೂ ಸಿಕ್ಕಿರಲಿಲ್ಲ.

ಚೀಟಿಗಳನ್ನೆಲ್ಲ ಹಾಳೆಗೆ ಅಂಟಿಸಿ ರಾಜಶೇಖರಪ್ಪನ ಮೇಜಿನ ಮೇಲೆ ಹರಡಿದೆ. "ಬಡವರು ಎಲ್ಲಾ ಓಣ್ಯಾಗೂ ಅದಾರ್ರಿ ಸರ್. ತೂತು ಮಾತ್ರ ಒಂದ ಓಣ್ಯಾಗ ಯಾಕೈತಿ?"

ಅವನು ಕನ್ನಡಕ ಹಾಕಿಕೊಂಡು ಒಂದೊಂದನ್ನೂ ಓದಿದ. ನಂತರ ಅವನ ಮುಖ ಅರಳಿತು.

"ಎಂಥಾ ಕೆಲಸ ಮಾಡೀರಿ ಸಿಸ್ಟರ್! ನಮ್ಮಜ್ಜ ನಿಮ್ಮ ಕೇರಿಯೋರ ಮ್ಯಾಲೆ ಹೆಚ್ಚಿನ ಕರುಣಾ ತೋರಿಸ್ಯಾರ ಅಂತ ಸಿದ್ಧ ಆತಲ್ರಿ! ಇದನ್ನೂ ಸೇರಸ್ತೀನಿ."

ಮಳೆ, ಕೆಸರು, ಗೆಜ್ಜೆ ಎಲ್ಲ ಸೇರಿ ಅವನ ಅಜ್ಜನ ತಲೆಗೆ ಇನ್ನೊಂದು ಹೂವು ಏರಿಸಿದಂತಾಯಿತು. ಬಸ್ಸಿನಲ್ಲಿ ಕಿಟಕಿ ಕಡೆ ಮುಖ ಮಾಡಿ ಹಡಗಲಿಯ ತನಕ ಅತ್ತೆ. ಅಳು ಮುಗಿದ ಮೇಲೆ ಒಂದು ವಿಷಯ ನಿಚ್ಚಳವಾಯಿತು: ನಾನು ಏನೇ ಒಯ್ದರೂ ಅವನು ಹೀಗೇ ತಿರುಗಿಸುತ್ತಾನೆ. ತಿರುಗಿಸಲಾರದ ಮಾತು ಅವನ ಕಡೆಯವರ ಬಾಯಿಂದಲೇ ಬರಬೇಕು.

ಆ ಬಾಯಿ ನನ್ನ ಕೈಯಳತೆಯಲ್ಲೇ ಇತ್ತು, ನನಗೆ ತಿಳಿದಿರಲಿಲ್ಲ. ನನ್ನ ಉಪಕೇಂದ್ರಕ್ಕೆ ಸೇರಿದ ಹಳ್ಳಿಯೊಂದರಲ್ಲಿ ನಾಗಪ್ಪ ಅಂತ ಒಬ್ಬ ಮುದುಕ ಮಗಳ ಮನೆಯಲ್ಲಿದ್ದ. ಎಂಬತ್ತು ದಾಟಿತ್ತು. ರಕ್ತದೊತ್ತಡದ ಮನುಷ್ಯ. ಗುರುವಾರಕ್ಕೊಮ್ಮೆ ಹೋಗಿ ಬಿ.ಪಿ. ನೋಡಿ, ನಾಡಿ ಎಣಿಸಿ, ಮಾತ್ರೆ ಕೊಟ್ಟು ಬರುತ್ತಿದ್ದೆ. ತೋಳಿಗೆ ಪಟ್ಟಿ ಸುತ್ತುವಾಗ ಪ್ರತಿ ವಾರವೂ ಅದೇ ಪ್ರಶ್ನೆ: "ನೀನು ಯಾರ ಪೈಕಿಮ್ಮ?" ಅದರ ಅರ್ಥ ಏನೆಂದು ನಮ್ಮ ಸೀಮೆಯಲ್ಲಿ ಹುಟ್ಟಿದವರಿಗೆಲ್ಲ ಗೊತ್ತು. "ಕೊಟ್ಟೂರಿನೋರು ತಾತ" ಎಂದು ನಾನು ಜಾರಿಕೊಳ್ಳುತ್ತಿದ್ದೆ. ಬಿಳಿ ಸೀರೆ, ಕೈಗಡಿಯಾರ, ಸುಜಾತ ಎಂಬ ಹೆಸರು ಕಂಡು ಅವನು ತನಗೆ ಅನುಕೂಲವಾದುದನ್ನು ತಿಳಿದುಕೊಂಡಿದ್ದ.

ಆ ಗುರುವಾರ ಚೀಲದಿಂದ ಸ್ಟೆತಾಸ್ಕೋಪು ತೆಗೆಯುವಾಗ ಬಿಲ್ಲೆಯ ಡಬ್ಬಿ ಜಾರಿ ಮುಚ್ಚಳ ಬಿಚ್ಚಿತು. ಮುದುಕ ಬಗ್ಗಿ ನೋಡಿ ಕೂಸಿನ ಹಾಗೆ ಕೇಕೆ ಹಾಕಿದ.

"ಅಯ್ಯ, ನಮ್ಮ ಮಿಲ್ಲಿನ ಬಿಲ್ಲಿ! ಇವನ್ನ ಹಂಚಿದ ಗುಮಾಸ್ತ ನಾನ ಅಲ್ಲೇನಮ್ಮಾ!"

ನಾನು ಅವನ ತೋಳಿಗೆ ಪಟ್ಟಿ ಸುತ್ತತೊಡಗಿದೆ. ತೂತು ಯಾಕೆ ತಾತ ಎಂದು ಕೇಳಿದೆ, ಆದಷ್ಟು ಸಪ್ಪಗೆ.

ಅವನು ಹೇಳಿದ. ಮುಚ್ಚಿಡಲಿಲ್ಲ, ಅಳುಕಲಿಲ್ಲ, ದನಿ ತಗ್ಗಿಸಲೂ ಇಲ್ಲ. ತನ್ನ ಕಸಬಿನ ಚಳಕ ಹೇಳಿಕೊಳ್ಳುವವನ ಹಾಗೆ ಕೈಯಾಡಿಸಿ ತೋರಿಸಿದ. ಅವನಿಗೆ ಅದರಲ್ಲಿ ನಾಚಿಕೊಳ್ಳುವಂಥದ್ದು ಏನೂ ಇರಲಿಲ್ಲ. ಒಬ್ಬ ಮೇಸ್ತ್ರಿ ತಾನು ಕಟ್ಟಿದ ಗೋಡೆಯ ಬಗ್ಗೆ ಹೇಳಿದಂತೆ ಹೇಳಿದ. ನಾನು ಅವನ ಬಿ.ಪಿ. ಬರೆದುಕೊಂಡೆ, ನನ್ನದನ್ನು ನೋಡುವವರು ಅಲ್ಲಿ ಯಾರೂ ಇರಲಿಲ್ಲ.

ಮುಂದಿನ ಭಾನುವಾರ ರಾಜಶೇಖರಪ್ಪನಲ್ಲಿಗೆ ಹೋಗಿ ಕೈಮುಗಿದೆ. ನನ್ನದೇ ತಪ್ಪು ಸರ್, ಅಜ್ಜಿ ಮಾತು ಕೇಳಿ ಕೆಟ್ಟೆ, ಪುಸ್ತಕದಲ್ಲಿ ಹೇಗಿದೆಯೋ ಹಾಗೇ ಇರಲಿ ಅಂದೆ. ಆಮೇಲೆ ಮೆಲ್ಲಗೆ, ನಿಮ್ಮ ಮಿಲ್ಲಿನ ಹಳೆಯ ಗುಮಾಸ್ತರೊಬ್ಬರು ನಮ್ಮ ಕಡೆ ಇದ್ದಾರೆ, ದೊಡ್ಡ ಸಾಹುಕಾರರನ್ನು ದಿನಾ ನೆನೆಯುತ್ತಾರೆ ಅಂದೆ.

"ನಾಗಪ್ಪನೋರು? ಇನ್ನೂ ಅದಾರ?" ಅವನು ಕುರ್ಚಿಯಿಂದ ಎದ್ದೇಬಿಟ್ಟ. "ಅವರಿಗೆ ಸನ್ಮಾನ ಮಾಡಬೇಕಲ್ರಿ! ನಾಕು ಮಾತು ಆಡಸಬೇಕು. ಕಾರು ಕಳಸ್ತೀನಿ."

ಕಳಿಸಿ ಎಂದೆ. ಏನೂ ಅರಿಯದ ಮುದುಕನನ್ನು ಬಳಸಿಕೊಂಡೆ ಎಂದು ಆಮೇಲೆ ನನ್ನ ಸಹೋದ್ಯೋಗಿಯೊಬ್ಬಳು ಆಕ್ಷೇಪಿಸಿದಳು. ಹೌದು, ಬಳಸಿಕೊಂಡೆ.

ಸಮಾರಂಭ ಬೆಳಗ್ಗೆ ಹನ್ನೊಂದಕ್ಕೆ. ಮಿಲ್ಲಿನ ಅಂಗಳದಲ್ಲಿ ಶಾಮಿಯಾನ. ಹಿಂದಿನ ದಿನ ಮಳೆ ಬಂದು ಹೊಸ ಶೇಂಗಾದ ರಾಶಿಗಳಿಂದ ಹಸಿ ವಾಸನೆ ಏಳುತ್ತಿತ್ತು. ಮುಂದೆ ಸೋಫಾಗಳು, ಅವುಗಳ ಹಿಂದೆ ಕುರ್ಚಿಗಳು, ಎಡಕ್ಕೆ ಜಮಖಾನೆ. ಜಮಖಾನೆಯ ಮೇಲೆ ನಮ್ಮ ಕೇ‌ರಿಯ ಹಳೆಯ ಕೂಲಿ ಹೆಂಗಸರು, ಅವರಿಗೆ ಸೀರೆ ಹಂಚುವುದಿತ್ತು. ಅಜ್ಜಿ ಬರುವುದಿಲ್ಲ ಅಂದಿದ್ದಳು. ಗುಮಾಸ್ತ ಬರುತ್ತಾನೆ ಎಂದಾಗ ಒಗೆದ ಸೀರೆ ಉಟ್ಟು ಬಂದು ಜಮಖಾನೆಯ ಮುಂದಿನ ಸಾಲಿನಲ್ಲಿ ಕೂತಳು.

ಭಾಷಣಗಳಾದವು. ಕರುಣೆಯ ತೂತಿನ ಕಥೆಯನ್ನು ರಾಜಶೇಖರಪ್ಪ ಬಣ್ಣಿಸಿ ಹೇಳಿದ, ಮುಖ್ಯ ಅತಿಥಿಯಾಗಿ ಬಂದ ಅಧಿಕಾರಿ ತಲೆಯಾಡಿಸಿದರು. ನಾಗಪ್ಪನಿಗೆ ಶಾಲು ಹೊದಿಸಿ ಮೈಕು ಕೊಟ್ಟರು. ಅವನು ದೊಡ್ಡ ಸಾಹುಕಾರರ ಗುಣಗಾನ ಶುರುಮಾಡಿದ. ಅವನು ಉಸಿರು ತೆಗೆದುಕೊಳ್ಳಲು ನಿಂತಾಗ ನಾನು ವೇದಿಕೆಯ ಪಕ್ಕದಲ್ಲಿ ಎದ್ದು ನಿಂತು ಕೇಳಿದೆ, "ತಾತ, ಈಗಿನ ಮಂದಿಗೆ ಗೊತ್ತಿಲ್ಲ. ಬಿಲ್ಲಿ ಹೆಂಗ ಹಂಚತಿದ್ರಿ, ಸ್ವಲ್ಪ ತೋರಸ್ರಿ."

"ತೋರಸ್ತೀನಿ, ಒಂದು ಕಂಬಿ ಕೊಡ್ರಿ" ಅಂದ.

ಶಾಮಿಯಾನದವನು ಒಂದು ತಂತಿ ತುಂಡು ತಂದ. ಮುದುಕ ಅದರ ತುದಿಯನ್ನು ತನ್ನ ಕೈಯಾರೆ ಬಾಗಿಸಿದ. ಗಾಜಿನ ಪೆಟ್ಟಿಗೆಯ ಬೀಗ ತೆಗೆದವನು ರಾಜಶೇಖರಪ್ಪನೇ. ಮುಷ್ಟಿ ತುಂಬ ತೂತುಬಿಲ್ಲೆ ತೆಗೆದು ಮುದುಕನ ಕೈಗೆ ಕೊಡಹೋದ.

"ಕೈಯಾಗ ಕೊಡಬ್ಯಾಡ್ರಿ! ನೆಲಕ್ಕ ಹಾಕ್ರಿ, ದೂರ ನಿಂತು ಹಾಕ್ರಿ" ಎಂದು ನಾಗಪ್ಪ ಗದರಿದ. ಜನ ನಕ್ಕರು. ಬಿಲ್ಲೆಗಳು ವೇದಿಕೆಯ ಹಲಗೆಯ ಮೇಲೆ ಬಿದ್ದವು. ಎಂಬತ್ತು ದಾಟಿದ ಮುದುಕ ಸೊಂಟ ಬಗ್ಗಿಸಿ ಕಂಬಿ ಚಾಚಿ ಒಂದು, ಎರಡು, ಮೂರು ಎಂದು ಸರಸರ ಎತ್ತಿದ. ಒಂದೂ ಜಾರಲಿಲ್ಲ. ಜನ ಚಪ್ಪಾಳೆ ತಟ್ಟಿದರು. ಎಡಗಡೆಯ ಜಮಖಾನೆಯಿಂದ ಒಂದು ಚಪ್ಪಾಳೆಯೂ ಬರಲಿಲ್ಲ.

"ಕಂಬಿಲೆ ಯಾಕ ತಾತ?" ಎಂದೆ.

"ಯಾಕಂದ್ರ? ಕೇರಿಯೋರು ಮುಟ್ಟಿದ್ದನ್ನ ನಾನು ಹೆಂಗಮ್ಮ ಮುಟ್ಟಲಿ? ಬಿಲ್ಲಿ ಬ್ಯಾರೆ ಬ್ಯಾರೆ ಇರಬೇಕು, ತೂತು ಇಟ್ರ ದೂರದಿಂದ ಎತ್ತಬಹುದು ಅಂತ ಯೋಚ್ನಿ ಮಾಡಿದೋರು ದೊಡ್ಡ ಸಾಹುಕಾರ್ರು. ಎಂಥಾ ತಲಿ ಅವರ್ದು! ಎತ್ತೋದು, ಗಡಿಗ್ಯಾಗ ಎದ್ದೋದು. ಮೂರು ವರ್ಷದಾಗ ಒಂದಿನಾನೂ ನನ್ನ ಬೆರಳು ತಾಗಿಲ್ಲ, ದೇವರಾಣಿ!"

ಮೈಕಿನಲ್ಲಿ ಹೋದ ಮಾತು. ಮಿಲ್ಲಿನ ಗೋಡೆಗೆ ಬಡಿದು ಇನ್ನೊಮ್ಮೆ ಕೇಳಿಸಿತು. ಅಧಿಕಾರಿ ತಮ್ಮ ಬೂಟು ನೋಡತೊಡಗಿದರು. ರಾಜಶೇಖರಪ್ಪ ಮೈಕಿಗೆ ಕೈಹಾಕಿದರೆ ಮುದುಕ ಬಿಡಲಿಲ್ಲ, "ತಡೀರಿ, ಇನ್ನೂ ಐತಿ" ಅಂದ. ಜಮಖಾನೆಯಿಂದ ಮೊದಲು ಎದ್ದವಳು ನನ್ನ ಅಜ್ಜಿ. ಸೆರಗು ಕೊಡವಿಕೊಂಡು ಗೇಟಿನ ಕಡೆ ನಡೆದಳು. ಅವಳ ಹಿಂದೆ ಉಳಿದ ಹೆಂಗಸರೂ ಎದ್ದರು. ಸೀರೆಯ ಗಂಟು ಮೇಜಿನ ಮೇಲೇ ಉಳಿಯಿತು.

ನಾನು ವೇದಿಕೆ ಹತ್ತಿ ನನ್ನ ಬಿಲ್ಲೆಗಳನ್ನು ಒಂದೊಂದಾಗಿ ಆರಿಸಿ ಡಬ್ಬಿಗೆ ತುಂಬಿಕೊಂಡೆ. ಅವಸರ ಮಾಡಲಿಲ್ಲ. ರಾಜಶೇಖರಪ್ಪ ಹಲ್ಲು ಕಚ್ಚಿ, "ಬೇಕಂತ ಮಾಡಿದ್ರಿ ನೀವು" ಅಂದ.

"ಹೌದ್ರಿ, ಬೇಕಂತನ ಮಾಡೀನಿ. ಪುರಾವಿ ಕೇಳಿದ್ರಲ್ಲ, ತಂದೀನಿ. ಈಗ ನಿಮ್ಮ ಕೈಯಾರೆ ತಿದ್ರಿ."

ಅವನು ತಿದ್ದಲಿಲ್ಲ. ಆ ಪುಟವನ್ನು ಹರಿದು ತೆಗೆದು ಪುಸ್ತಕ ಹಂಚಿದ ಎಂದು ಆಮೇಲೆ ತಿಳಿಯಿತು. ಆದರೂ ಆ ದಿನ ನಾನು ಗಾಳಿಯಲ್ಲಿ ತೇಲುತ್ತ ಅಜ್ಜಿಯ ಹಿಂದೆ ಓಡಿದೆ. ಹೊಗಳುತ್ತಾಳೆ, ತಲೆ ಸವರುತ್ತಾಳೆ ಎಂದು ಕಾದೆ. ಅವಳು ಕೇರಿಯ ತಿರುವಿನ ತನಕ ನಡೆದಳು. ಅಲ್ಲಿ ನಿಂತು ಕೇಳಿದಳು, "ಅವ ನನ್ನ ಗುರ್ತು ಹಿಡದ್ನಾ?"

ಮುದುಕ ಜಮಖಾನೆಯ ಕಡೆ ನೋಡಿಯೂ ಇರಲಿಲ್ಲ.

"ಮೂರು ವರ್ಷ ದಿನಾ ಸಂಜಿಮುಂದ ಅವನ ಎದುರಿಗೆ ನಿಂತೀನಿ. 'ಹುಲಿಗೆಮ್ಮ ರೀ' ಅಂತ ಹೆಸರು ಹೇಳಿ ಬಿಲ್ಲಿ ಇಸಗಂಡೀನಿ. ಕಂಬಿ ನೆನಪೈತಿ ಅವಗ, ಗಡಿಗಿ ನೆನಪೈತಿ. ನಾನು ನೆನಪಿಲ್ಲ." ಅಷ್ಟು ಹೇಳಿ ಮನೆಯೊಳಗೆ ಹೋಗಿ ಒಲೆ ಹಚ್ಚಿದಳು.

ಗುರುವಾರ ಬಂತು. ನಾಗಪ್ಪ ಶಾಲು ಹೊದ್ದುಕೊಂಡೇ ಜಗಲಿಯಲ್ಲಿ ಕೂತಿದ್ದ. "ಎಷ್ಟು ಚಪ್ಪಾಳಿ ಹೊಡದ್ರು ನೋಡಿದೇನಮ್ಮ! ಸಣ್ಣ ಸಾಹುಕಾರ್ರು ಯಾಕೋ ಮಾತಾಡಸ್ಲಿಲ್ಲ, ಕೆಲಸದ ಗಡಿಬಿಡಿ ಇರಬೇಕು" ಅಂದ. ಅವನಿಗೆ ಏನೂ ತಿಳಿದಿರಲಿಲ್ಲ. ಮಗಳು ಒಳಗೆ ರೊಟ್ಟಿ ಬಡಿಯುತ್ತಿದ್ದಳು. ನಾನು ಬಿ.ಪಿ. ನೋಡಿ ಬರೆದುಕೊಂಡೆ, ಎಂದಿನಷ್ಟೇ ಇತ್ತು. ಆಮೇಲೆ ಅವನ ಮಣಿಕಟ್ಟಿಗೆ ಎರಡು ಬೆರಳಿಟ್ಟು ಕೈಗಡಿಯಾರ ನೋಡತೊಡಗಿದೆ.

"ಅಂದಹಾಗ ನೀನು ಯಾರ ಪೈಕಿ ಅಂತ ಹೇಳ್ಲೇ ಇಲ್ಲ" ಅಂದ.

"ಕೊಟ್ಟೂರು ಕೇರಿ ತಾತ. ಹುಲಿಗೆಮ್ಮನ ಮೊಮ್ಮಗಳು. ಶೇಂಗಾ ಹಸನು ಮಾಡಾಕ ಬರತಿದ್ಲು, ಗದ್ದದ ಮ್ಯಾಲೆ ಮೂರು ಹಚ್ಚಿ ಚುಕ್ಕಿ. ನಿಮ್ಮ ಕಟ್ಟಿ ಮುಂದ ನೆಲದಾಗ ಬಿಲ್ಲಿ ಆರಸತಿದ್ಲು."

ಅವನ ಕೈ ಬೆಂಕಿ ಮುಟ್ಟಿದಂತೆ ಹಿಂದಕ್ಕೆ ಜಗ್ಗಿತು. ನಾನು ಬಿಡಲಿಲ್ಲ. ಇನ್ನೊಂದು ಕೈಯನ್ನೂ ಅದರ ಮೇಲಿಟ್ಟು ಗಟ್ಟಿಯಾಗಿ ಹಿಡಿದೆ. "ಅಲ್ಲಾಡಬ್ಯಾಡ್ರಿ, ಎಣಿಕಿ ತಪ್ಪತೈತಿ" ಅಂದೆ. ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕು ಎಂದು ನಮಗೆ ತರಬೇತಿಯಲ್ಲಿ ಕಲಿಸಿದ್ದಾರೆ. ಯಾವಾಗಲೂ ಎಪ್ಪತ್ತರ ಆಸುಪಾಸು ಇರುತ್ತಿದ್ದ ನಾಡಿ ನನ್ನ ಬೆರಳಡಿ ಓಡತೊಡಗಿತು. ಮುದುಕನ ಕಣ್ಣು ಒಳಬಾಗಿಲಿನ ಕಡೆ ಹೋಯಿತು. ಮಗಳನ್ನು ಕೂಗಲಿಲ್ಲ. ಕೂಗಿದರೆ ಇಷ್ಟು ತಿಂಗಳೂ ಈ ಕೈ ತನ್ನನ್ನು ಮುಟ್ಟಿದ್ದು ಅವಳಿಗೂ ತಿಳಿಯುತ್ತದಲ್ಲ. ಅವನ ಪ್ರಾಣಕ್ಕೆ ಏನಾದರೂ ಆದೀತು ಎಂಬ ಭಯ ನನಗಿತ್ತು. ಆದರೂ ಹಿಡಿದೇ ಇದ್ದೆ.

ಒಂದು ನಿಮಿಷ ಆಯಿತು. ನೂರಾ ಹತ್ತು. "ನಮ್ಮಜ್ಜಿ ಹೆಸರೇನಂದೆ ತಾತ?" ಎಂದು ಕೇಳಿದೆ.

ನಾನು ಕಾದೆ, ಮೊದಲಿನಿಂದ ಮತ್ತೆ ಎಣಿಸುತ್ತ. ಕೊನೆಗೆ ಬಹಳ ಸಣ್ಣ ದನಿಯಲ್ಲಿ, "ಹುಲಿಗೆಮ್ಮ" ಅಂದ.

ಆಮೇಲೆಯೇ ಅವನ ಕೈ ಬಿಟ್ಟು, ಮಾತ್ರೆ ಎಣಿಸಿ ಅವನ ಅಂಗೈಯಲ್ಲಿಟ್ಟೆ.